ದಸ್ತಿಯ ಕೆಳಗಿನ ಕೈ

ಕಲ್ಲಪ್ಪ ಕಾಕಾ ಮೋಟಾರಿನ ಬಾಯಿ ತೆರೆಸಿ ಹಲ್ಲು ನೋಡಲಿಲ್ಲ, ಅಷ್ಟೇ. ಉಳಿದದ್ದನ್ನೆಲ್ಲ ಎತ್ತಿಗೆ ಮಾಡುವ ಹಾಗೆಯೇ ಮಾಡಿದರು. ಎದುರಿಗೆ ನಿಂತು ದೀಪಗಳನ್ನು ದಿಟ್ಟಿಸಿದರು. ಕುಕ್ಕರುಗಾಲಿನಲ್ಲಿ ಕುಳಿತು ಹೊಟ್ಟೆಯ ಕೆಳಗೆ ಇಣುಕಿದರು. ಗಾಲಿಗಳನ್ನು ಗುದ್ದಿ ನೋಡಿದರು. ನನ್ನಿಂದ ಹಾರ್ನು ಒತ್ತಿಸಿ, ತಲೆ ವಾರೆ ಮಾಡಿ ಕೇಳಿ, "ದನಿ ಛಲೋ ಅದ. ಆದ್ರ ದನಿಗೆ ಯಾರೂ ರೊಕ್ಕ ಕೊಡಬಾರದು" ಎಂದರು.

ನಿಜಾಮರ ರಾಜ್ಯದಲ್ಲಿ, ಕಲಬುರಗಿಯ ರಸ್ತೆಗೆ ಮೋಟಾರು ಬಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಓಡಿ ಬರುತ್ತಿದ್ದ ಕಾಲವದು. ಕಾಕಾ ಕೋಟೆಯ ಹತ್ತಿರದ ನಮ್ಮ ಓಣಿಯವರು, ದನದ ಸಂತೆಯ ದಲಾಲರು. ಹೆಗಲ ಮೇಲೆ ಸದಾ ಒಂದು ಕೆಂಪು ದಸ್ತಿ. ಎತ್ತು ಮಾರುವವನ ಕೈಯ ಮೇಲೆ ಆ ಬಟ್ಟೆ ಹರವಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುವರು; ಎಷ್ಟು ಬೆರಳು ಹಿಡಿದರೋ ಅದೇ ಬೆಲೆಯ ಲೆಕ್ಕ. ಆಮೇಲೆ ಕೊಳ್ಳುವವನ ಕೈಗೆ ಹೋಗುವರು. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತಿತ್ತು. ಒಪ್ಪಿಗೆಯಾದರೆ ಬೆರಳುಗಳನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಅದುಮುವರು. ಕೈ ಹಿಂದಕ್ಕೆ ತೆಗೆದರೆ ಸೌದಾ, ಅಂದರೆ ವ್ಯಾಪಾರ, ಮುರಿಯಿತು ಎಂದು ಅರ್ಥ. ಸೌದಾ ಆದ ಎತ್ತನ್ನು ಕೊಂಡವನ ಮನೆಯವರೆಗೆ ತಾವೇ ನಡೆಸಿಕೊಂಡು ಹೋಗಿ, ಗೂಟಕ್ಕೆ ಸ್ವಂತ ಕೈಯಿಂದ ಕಟ್ಟಿದ ಮೇಲೆಯೇ ಅವರು ದಲಾಲಿ ಮುಟ್ಟುತ್ತಿದ್ದದ್ದು.

ನಾನು ಹೈಸ್ಕೂಲು ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದವರು ಅವರು. "ನಮ್ಮ ಹುಡುಗ ಇಂಗ್ರೇಜಿ ಓದ್ತಾನ" ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಆ ಇಂಗ್ರೇಜಿಯಿಂದಲೇ ನನಗೆ ಸ್ಟೇಷನ್ ಬಳಿಯ ಒಂದು ಮೋಟಾರು ಅಂಗಡಿಯಲ್ಲಿ ನೌಕರಿ ಸಿಕ್ಕಿತ್ತು. ಅಂಗಡಿಯಲ್ಲಿದ್ದದ್ದು ಒಂದೇ ಹೊಸ ಮೋಟಾರು. ಅದು ಮಾರಾಟವಾಗದಿದ್ದರೆ ಬಾಗಿಲು ಹಾಕುವುದೇ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಕೊನೆಗೆ ಗಿರಾಕಿಯಾಗಿ ಸಿಕ್ಕವರು ಕಮಲಾಪುರದ ಒಬ್ಬ ಸಾವಕಾರರು. ಎತ್ತಿರಲಿ, ಕುದುರೆಯಿರಲಿ, ಕಲ್ಲಪ್ಪ ಕಾಕಾ ನೋಡದೆ ಅವರು ಏನನ್ನೂ ಕೊಳ್ಳುತ್ತಿರಲಿಲ್ಲ. ಮೋಟಾರಿಗೂ ಅವರನ್ನೇ ಕರೆತಂದರು.

ಕಾಕಾ ಬೆಲೆ ಕೇಳಿ ಮೋಟಾರಿಗೆ ಇನ್ನೊಂದು ಸುತ್ತು ಹಾಕಿದರು. ಆಮೇಲೆ ನನ್ನನ್ನು ಕೇಳಿದರು: "ಇದರಾಗ ಕಣ್ಣಿಗೆ ಎಷ್ಟು, ಬೆನ್ನಿಗೆ ಎಷ್ಟು?"

"ಅಂದ್ರೇನ್ರೀ ಕಾಕಾ?"

"ಬಣ್ಣ, ಹಿತ್ತಾಳಿ, ಮೆತ್ತನ ಗಾದಿ, ಇದೆಲ್ಲ ಕಣ್ಣಿನ ರೊಕ್ಕ. ಎಳಿಯೂದು, ನಿಲ್ಲೂದು ಬೆನ್ನಿನ ರೊಕ್ಕ. ನಿಮ್ಮ ಮಾಲೀಕರು ಕಣ್ಣಿಗೇ ಜಾಸ್ತಿ ಹಚ್ಚ್ಯಾರ."

ಸಾವಕಾರರು ನಕ್ಕರು. "ಕಲ್ಲಪ್ಪ, ಮಂದಿ ನೋಡೂದು ಬಣ್ಣಾನೇ ಅಲ್ಲೇನು?"

"ನೋಡೋರು ರೊಕ್ಕ ಕೊಡ್ತಾರೇನ್ರಿ ಸಾವಕಾರ್ರ? ಹೊಟ್ಟಿ ನೋಡ್ರಿ, ನೆಲಕ್ಕ ಹತ್ತೂ ಹಂಗ ಅದ. ನಮ್ಮ ಬಂಡಿ ಹಾದ್ಯಾಗ ಕಲ್ಲು ಬಡೀತಾವು. ಇಷ್ಟು ರೊಕ್ಕಕ್ಕ ಒಂದು ಹಿಂಡು ಎತ್ತು ಬರ್ತಾವು. ಎತ್ತು ಸಗಣಿನಾದ್ರೂ ಕೊಡ್ತದ, ಇದು ಬರೀ ಹೊಗಿ ಕೊಡ್ತದ."

ಎಲ್ಲರೂ ನಕ್ಕೆವು. ಕಾಕಾ ನಗಲಿಲ್ಲ. "ಏರಿನಾಗ ನಡುವ ನಿಂದ್ರಿಸಿದ್ರ ನಿಲ್ತದೇನು?" ಎಂದು ನನ್ನನ್ನೇ ನೋಡಿ ಕೇಳಿದರು.

ಅದೊಂದು ಪ್ರಶ್ನೆ ಬರದಿರಲಿ ಎಂದು ನಾನು ಬೆಳಗಿನಿಂದ ಹಾರೈಸುತ್ತಿದ್ದೆ. ಆ ಮೋಟಾರಿನ ಬ್ರೇಕು ಸರಿಯಿರಲಿಲ್ಲ. ಹಿಂದಿನ ವಾರ ಕೋಟೆಯ ಬಳಿಯ ಸಣ್ಣ ದಿಬ್ಬದಲ್ಲೇ ಅದು ಹಿಂದಕ್ಕೆ ಜಾರಿದ್ದನ್ನು ಕಂಡಿದ್ದೆ. ಸಾಮಾನು ಮುಂಬಯಿಯಿಂದ ಬರಬೇಕು, ಮೊದಲು ಸೌದಾ ಆಗಲಿ ಎಂದಿದ್ದರು ಮಾಲೀಕರು.

"ನಿಲ್ತದ್ರೀ ಕಾಕಾ" ಎಂದೆ.

"ಹಂಗಾದ್ರ ಮಂದಿನ್ನ ಕುಂದ್ರಿಸಿ ಒಂದು ಏರು ಹತ್ತಿಸಿ ತೋರಿಸು. ಎತ್ತಿಗೂ ನಾ ಹಂಗೇ ಮಾಡ್ತೀನಿ."

ನಾನು ಮೋಟಾರಿನ ಜೊತೆ ಬಂದ ಪುಸ್ತಕ ತೆರೆದೆ. ಹೊಸ ಮೋಟಾರಿಗೆ ಮೊದಮೊದಲು ಭಾರ ಹಾಕಿ ಏರು ಹತ್ತಿಸಿದರೆ ಇಂಜಿನು ಕೆಡುತ್ತದೆ ಎಂದು ಬರೆದಿದೆ ಎಂದು ಓದಿದಂತೆ ಮಾಡಿದೆ. ಆ ಪುಟದಲ್ಲಿದ್ದದ್ದು ದೀಪ ಒರೆಸುವ ವಿಧಾನ. ಕಾಕಾ ಪುಟವನ್ನು ನೋಡಿದರು, ನನ್ನ ಮುಖ ನೋಡಿದರು. "ನೀ ಓದೀದಿ ಅಂದ ಮ್ಯಾಲ ಮುಗೀತು" ಎಂದು ದಸ್ತಿ ಹರವಿದರು.

ಮಾಲೀಕರ ಪರವಾಗಿ ನಾನೇ ಕೈ ಕೊಟ್ಟೆ. ಬಟ್ಟೆಯ ಕೆಳಗೆ ನನ್ನ ಬೆರಳು ಹಿಡಿದವರು ಒಂದು ಕ್ಷಣ ತಡೆದರು. "ಕೈ ಯಾಕ ಇಷ್ಟು ತಣ್ಣಗದ?"

"ಇದು ನನ್ನ ಮೊದಲನೇ ಸೌದಾ ನೋಡ್ರೀ, ಅದಕ್ಕ."

ಅವರು ಅದುಮಿದರು. ಸೌದಾ ಆಯಿತು.

ಎತ್ತಿನಂತೆ ಮೋಟಾರನ್ನೂ ಕೊಂಡವರ ಮನೆಗೆ ತಾವೇ ಮುಟ್ಟಿಸಬೇಕೆಂದು ಕಾಕಾ ಹಟ ಹಿಡಿದರು. ನಾನು ನಡೆಸಿದೆ. ಪಕ್ಕದಲ್ಲಿ ಕಾಕಾ, ಹಿಂದೆ ಸಾವಕಾರರು ಮತ್ತು ಮೋಟಾರು ನೋಡಲು ಜೊತೆಗೆ ಬಂದಿದ್ದ ಅವರ ಮುದಿ ತಾಯಿ. ಕಪನೂರು ದಾಟುವವರೆಗೆ ರಸ್ತೆ ಸಮನಾಗಿತ್ತು. ಕಾಕಾ ಎತ್ತಿನ ಬಂಡಿಯವರನ್ನು ಕಂಡಾಗಲೆಲ್ಲ ದಸ್ತಿ ಬೀಸುತ್ತಿದ್ದರು. ನಾನು ಮುಂದಿನ ಏರನ್ನೇ ಯೋಚಿಸುತ್ತಿದ್ದೆ. ನಿಲ್ಲಿಸಿ ಹೇಳಿಬಿಡಬಹುದಾಗಿತ್ತು. ಒಂದೇ ಉಸಿರಿನಲ್ಲಿ ಹತ್ತಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಕಮಲಾಪುರ ಹತ್ತಿರವಾದಾಗ, ಕೆಂಪು ಮಣ್ಣಿನ ಏರಿನ ನಡುವೆ ಇಂಜಿನು ಕೆಮ್ಮಿ ನಿಂತಿತು. ಬ್ರೇಕು ತುಳಿದೆ. ಮೋಟಾರು ನಿಲ್ಲಲಿಲ್ಲ. ಮೆಲ್ಲಗೆ ಹಿಂದಕ್ಕೆ ಉರುಳಲು ತೊಡಗಿತು. ಹಿಂದೆ ತಿರುವು, ತಿರುವಿನ ಕೆಳಗೆ ಹಳ್ಳ. ಮುದುಕಿ "ಯಪ್ಪಾ, ಯಪ್ಪಾ" ಎನ್ನುತ್ತಿದ್ದರು. ಕಾಕಾ ಬಾಗಿಲು ತೆಗೆದು ಹಾರಿದರು. ಏರಿನಲ್ಲಿ ಬಂಡಿ ಜಾರಿದರೆ ನಮ್ಮ ಕಡೆಯವರು ಮಾಡುವುದನ್ನೇ ಮಾಡಿದರು: ದಾರಿ ಬದಿಯ ಕಲ್ಲೊಂದನ್ನು ಎತ್ತಿಕೊಂಡು ಓಡಿ ಹಿಂದಿನ ಗಾಲಿಗೆ ಕೊಟ್ಟರು. ಬಂಡಿಯಾಗಿದ್ದರೆ ಕೈ ತೆಗೆದುಕೊಳ್ಳಲು ಹೊತ್ತಿರುತ್ತಿತ್ತು.

ಮೋಟಾರು ನಿಂತಿತು. ಅವರ ಬಲಗೈ ಕಲ್ಲಿಗೂ ಗಾಲಿಗೂ ನಡುವೆ ಇತ್ತು.

ಕೈ ಬಿಡಿಸಿದ ಮೇಲೆ ಅವರು ಅದಕ್ಕೆ ದಸ್ತಿ ಸುತ್ತಿಕೊಂಡು ರಸ್ತೆಯಲ್ಲೇ ಕುಳಿತರು. ಸಾವಕಾರರು ನನ್ನ ಮೇಲೆ ಏರಿ ಬಂದರು. "ಏ ಹುಡುಗಾ, ಏನು ಮಾರೀಯೋ ನನಗ?"

"ಅವಗ ಯಾಕ ಬೈತೀರಿ" ಎಂದರು ಕಾಕಾ. "ಏರು ಹತ್ತಿಸಿ ನೋಡಲಾರದ ಸೌದಾ ಮಾಡಿದಾವ ನಾ. ತಪ್ಪು ನಂದ್ರೀ."

ನಾನು ಬಾಯಿ ತೆರೆಯಲಿಲ್ಲ.

ಮೋಟಾರು ವಾಪಸು ಬಂತು. ಮಾಲೀಕರು ಬ್ರೇಕು ಸರಿಮಾಡಿಸಿ ಬೇರೆಯವರಿಗೆ ಮಾರಿದರು, ನನ್ನ ನೌಕರಿ ಉಳಿಯಿತು. ಕಾಕಾರ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಬೆಲೆ ಹೇಳುವ ನಡುವಿನ ಮೂರು ಬೆರಳೇ ಇಲ್ಲದ ಕೈಗೆ ಸಂತೆಯಲ್ಲಿ ಯಾರು ಕೈ ಕೊಡುತ್ತಾರೆ? ಮಂದಿ ಅವರನ್ನು 'ಮೋಟಾರು ಕಲ್ಲಪ್ಪ' ಎಂದು ಕರೆದು ನಗುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಾನು ಬೇರೆ ಓಣಿ ಹಿಡಿಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದರೆಂದು ಕೇಳಿ ಹೋದೆ. ಗೋಡೆಗೆ ಒರಗಿ ಕೂತಿದ್ದರು. ಹೆಗಲ ಮೇಲೆ ದಸ್ತಿ ಇತ್ತು.

"ಕಾಕಾ, ಆ ಮೋಟಾರು ಏರಿನಾಗ ನಿಲ್ಲೂದಿಲ್ಲಂತ ನನಗ ಗೊತ್ತಿತ್ತು. ಪುಸ್ತಕದಾಗ ಹಂಗ ಬರದಿದ್ದಿಲ್ಲ."

ಕಾಕಾ ನನ್ನ ಕೈಯನ್ನೇ ನೋಡಿದರು. "ಅವತ್ತ ನಿನ್ನ ಕೈ ತಣ್ಣಗಿತ್ತು. ನಾ ಕೇಳಿದ್ದೆ" ಎಂದರು.

ಆಮೇಲೆ ಎಡಗೈಯಿಂದ ದಸ್ತಿ ತೆಗೆದು ನನ್ನ ಕೈಯ ಮೇಲೆ ಹರವಿದರು. ಕೆಳಗೆ ಅವರ ಬಲಗೈ ಬಂತು. ಎರಡೇ ಬೆರಳಿಂದ ನನ್ನ ಬೆರಳುಗಳನ್ನು ತಡವಿದರು. ತೋರುಬೆರಳು. ನಡುಬೆರಳು. ಉಂಗುರದ ಬೆರಳು. ಅಲ್ಲಿಗೆ ತಡೆದರು. ಅದುಮುತ್ತಾರೇನೋ ಎಂದು ನಾನು ಕಾದೆ.

ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡರು.

"ಸೌದಾ ಮುರೀತು, ತಮ್ಮಾ" ಎಂದರು, ಸಿಟ್ಟಿಲ್ಲದೆ. ಒಳಗೆ ನೋಡಿ ಸೊಸೆಯನ್ನು ಕೂಗಿದರು: "ಇವಗೂ ರೊಟ್ಟಿ ಹಾಕವಾ. ಉಣ್ಣಲಾರದ ಕಳಿಸಬ್ಯಾಡ."

ಅದೇ ಕೊನೆಯ ಭೇಟಿ. ಇಬ್ಬರೂ ಎದುರುಬದುರು ಕುಳಿತೆವು. ಅವರು ಎಡಗೈಯಿಂದ ರೊಟ್ಟಿಯನ್ನು ಒತ್ತಿ ಹಿಡಿದು, ಬಲಗೈಯ ಎರಡು ಬೆರಳಿಂದ ಮುರಿದು, ಬೇಳೆಯಲ್ಲಿ ಅದ್ದಿ, ನಿಧಾನವಾಗಿ ಉಂಡರು. ನನ್ನ ಐದು ಬೆರಳುಗಳು ರೊಟ್ಟಿಯನ್ನು ಮುಟ್ಟದೆ ಊಟದ ಗಂಗಾಳದ ಅಂಚಿನ ಮೇಲೆ ಹಾಗೆಯೇ ಇದ್ದವು.