ಟ್ಯಾಂಕಿನ ಕೆಳಗಿನ ಜಾಗ

ಕಾರಿನ ಮೇಲೆ ನೀರು ಒಣಗಿ ಉಳಿಯುವ ಬಿಳಿ ಕಲೆ ತೆಗೆಯುವುದರಲ್ಲಿ ಫಳಫಳನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ. ಆದರೆ "ಸಂಜೆ ಬನ್ನಿ ಸಾರ್, ಗಾಡಿ ಫಳಫಳ ಅಂತಿರುತ್ತೆ" ಎಂದು ಇಪ್ಪತ್ತು ವರ್ಷ ಹೇಳಿದವನಿಗೆ ಇನ್ಯಾವ ಹೆಸರು ಅಂಟೀತು? ಕಲೆ ನೋಡಿಯೇ ಗಾಡಿಯ ಜಾತಕ ಹೇಳುತ್ತಿದ್ದ. ಬಾನೆಟ್ಟಿನ ಎಡಗಡೆ, ಒಂದೊಂದು ಗೇಣಿಗೆ ಒಂದರಂತೆ ಮೂರು ಸಾಲು ಉಂಗುರಗಳಿದ್ದರೆ ಅದು ತನ್ನ ಅಂಗಡಿಯ ಎದುರಿನ ಪೈಪಿನದೇ. ಅಲ್ಲಿನ ಟ್ಯಾಂಕು ತುಂಬಿದಾಗೆಲ್ಲ ಮೂರು ಕಡೆ ಸೀಳಿದ ಪೈಪಿನಿಂದ ಗಡಸು ನೀರು ತೊಟ್ಟಿಕ್ಕುತ್ತಿತ್ತು. ಬೀದಿಯವರು ಅಪ್ಪಿತಪ್ಪಿಯೂ ಅಲ್ಲಿ ಗಾಡಿ ನಿಲ್ಲಿಸುತ್ತಿರಲಿಲ್ಲ. ಗೊತ್ತಿಲ್ಲದವರು ನಿಲ್ಲಿಸಿ, ಆಮೇಲೆ ರಸ್ತೆ ದಾಟಿ ಇವನ ಹತ್ತಿರವೇ ಬರುತ್ತಿದ್ದರು. "ಆ ಪೈಪು ನನ್ನ ಪಾರ್ಟ್ನರ್" ಎಂದು ನಗುತ್ತಿದ್ದ.

ನಗುವವನ ಎದೆಯಲ್ಲೂ ಒಂದು ಮುಳ್ಳಿತ್ತು. ಹನ್ನೊಂದು ವರ್ಷದ ಹಿಂದೆ ತಂಗಿಯ ಮನೆಯಲ್ಲಿ, ಹತ್ತು ಜನರೆದುರು, ಅಣ್ಣ ಅಂದುಬಿಟ್ಟಿದ್ದ: "ಕಂಡೋರ ಕಾರು ಉಜ್ಜೋನು ನನಗೆ ಬುದ್ಧಿ ಹೇಳೋಕೆ ಬರ್ತಾನೆ." ಇವನೂ ಬಿಡಲಿಲ್ಲ: "ಈ ಉಜ್ಜೋನ ಅಂಗಡಿಗೆ ನೀನಾಗೇ ಬರಬೇಕು. ಅಲ್ಲೀವರೆಗೂ ಮಾತಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನ ಮೊಂಡುತನ ಇಬ್ಬರಿಗೂ ಸಮಪಾಲು ಬಂದಿತ್ತು. ಅಣ್ಣ ಬರುತ್ತಾನೆಂದು ಇವನು ವರ್ಷ ವರ್ಷವೂ ಕಾದ. ಹೋದ ತಿಂಗಳು ಅಣ್ಣ ತೀರಿಕೊಂಡ. ಇವನು ನೆಂಟರ ಹಿಂದೆ ಯಾರೋ ಎಂಬಂತೆ ನಿಂತು ಮುಖ ನೋಡಿ ಬಂದ.

ಇವತ್ತು ಬೆಳಗ್ಗೆ ಅತ್ತಿಗೆ ಅಣ್ಣನ ಕಪ್ಪು ಕಾರು ತಂದು ನಿಲ್ಲಿಸಿದಳು.

"ನಾಲ್ಕು ಗಂಟೆಗೆ ಕೊಳ್ಳೋರು ಬರ್ತಾರಪ್ಪ. ಈ ಕಲೆ ಒಂದು ತೆಗೆದುಕೊಡು. ನಿಮ್ಮಣ್ಣನಿಗೆ ಗಾಡಿ ಮೇಲೆ ಪ್ರಾಣ. ಬ್ಯಾಟರಿ ಇಳಿದುಬಿಡುತ್ತೆ ಅಂತ ಭಾನುವಾರ ಬೆಳಗ್ಗೆ ಒಂದು ಸುತ್ತು ತಪ್ಪಿಸ್ತಿರಲಿಲ್ಲ. ಆದರೂ ನೋಡು, ಹೇಗಾಗಿದೆ."

"ಅತ್ತಿಗೆ, ಅಣ್ಣ ಯಾವತ್ತಾದ್ರೂ ನನ್ನ ಹೆಸರು ಎತ್ತಿದ್ನಾ?"

"ಸುಳ್ಳು ಯಾಕೆ ಹೇಳ್ಲಿ. ಒಂದು ದಿನಕ್ಕೂ ಇಲ್ಲ."

ಅವಳು ಹೋದ ಮೇಲೆ ಗಾಡಿಗೆ ನೀರು ಹಾಕಿ ಧೂಳು ತೊಳೆದು, ಬಟ್ಟೆಯಿಂದ ಒರೆಸಿದ. ಕೈ ಅಲ್ಲೇ ನಿಂತಿತು. ಬಾನೆಟ್ಟಿನ ಎಡಗಡೆ ಮೂರು ಸಾಲು. ಗೇಣು ಹಾಕಿ ನೋಡಿದ, ಸರಿಯಾಗಿತ್ತು. ಒಂದು ದಿನದ ಕಲೆಯಲ್ಲ ಅದು. ಉಂಗುರದ ಮೇಲೆ ಉಂಗುರ ಕೂತಿತ್ತು, ಹಳೆಯವು ಬಣ್ಣದ ಮೇಲಿನ ಹೊಳಪನ್ನೇ ತಿಂದಿದ್ದವು. ಅಷ್ಟಾಗಲು ವರ್ಷಗಳು ಬೇಕು.

ಮೊದಲು ಉಕ್ಕಿದ್ದು ಸಂತೋಷ. ಅಣ್ಣ ಬಂದಿದ್ದ! ಹುಚ್ಚು ಹಿಡಿದವನಂತೆ ಕಾರನ್ನು ರಸ್ತೆಯಾಚೆ ಟ್ಯಾಂಕಿನ ಕೆಳಗೆ ಒಯ್ದು ನಿಲ್ಲಿಸಿ, ಅಣ್ಣನ ಸೀಟಿನಲ್ಲೇ ಕೂತು ಎದುರಿಗೆ ನೋಡಿದ. ಅಂಗಡಿ ಪೂರ್ತಿ ಕಾಣುತ್ತಿತ್ತು. ಒಳಗೋಡೆಗೆ ಟ್ಯೂಬ್‌ಲೈಟು. ಆ ಬೆಳಕಿಗೆ ಎದುರಾಗಿ ಕೂತರೆ ಮಾತ್ರ ಕಲೆ ಕಣ್ಣಿಗೆ ಬೀಳುತ್ತದೆಂದು ಅವನ ಸ್ಟೂಲು ಗೋಡೆಗೆ ಮುಖ ಮಾಡಿತ್ತು, ಇಪ್ಪತ್ತು ವರ್ಷದಿಂದಲೂ. ಇಲ್ಲಿ ಕೂತವನಿಗೆ ಕಾಣುವುದು ಬೆನ್ನು, ಬರೀ ಬೆನ್ನು. ನನ್ನ ಗಾಡಿ ನೋಡಿಯೂ ತಮ್ಮ ತಿರುಗಲಿಲ್ಲ ಎಂದುಕೊಂಡೇ ಅಣ್ಣ ವಾರ ವಾರವೂ ವಾಪಸು ಹೋಗಿರಬೇಕು. ಸಂತೋಷ ಅಲ್ಲೇ ಸತ್ತಿತು.

"ಒಂದೇ ಒಂದು ಸಲ ಹಾರ್ನ್ ಹೊಡೀಬಾರದಿತ್ತೇನೋ ಅಣ್ಣ!" ಸ್ಟೀರಿಂಗಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ನಾಲ್ಕು ಗಂಟೆ ಯಾರಿಗೂ ಕಾಯುವುದಿಲ್ಲ. ಗಾಡಿಯನ್ನು ವಾಪಸು ತಂದ. ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿದ ಬಟ್ಟೆ ಹಾಸಿ ಕಲೆ ನೆನೆಸಿದ, ಒರೆಸಿದ. ಬಿಡದೆ ಉಳಿದದ್ದಕ್ಕೆ ಪಾಲಿಶ್ ಮಷೀನ್ ಹಿಡಿದ. ಕಣ್ಣು ತುಂಬಿ ಏನೂ ಕಾಣದಿದ್ದರೂ ಕೈಗೆ ಕೆಲಸ ಗೊತ್ತಿತ್ತು. ಒಂದೊಂದಾಗಿ ಎಲ್ಲ ಹೋದವು.

ಅತ್ತಿಗೆ ಬಂದು ಹೌಹಾರಿದಳು. "ಯಾಕೋ, ಕಣ್ಣೆಲ್ಲ ಹೀಗೆ?"

"ಅತ್ತಿಗೆ, ಅಣ್ಣ ಬರ್ತಿದ್ದ."

"ಎಲ್ಲಿಗೆ?"

"ಇಲ್ಲಿಗೇ. ಭಾನುವಾರ ಭಾನುವಾರ. ಎದುರಿಗೆ ನಿಂತು ಹೋಗ್ತಿದ್ದ."

ಅವಳು ಮರುಕದಿಂದ ಅವನ ಭುಜ ಮುಟ್ಟಿದಳು. "ಸುಮ್ನಿರಪ್ಪ. ಹಾಗಿದ್ರೆ ನನಗೆ ಹೇಳ್ತಿರಲಿಲ್ವಾ?"

"ಇಲ್ಲ ಅತ್ತಿಗೆ, ನಿಜ. ಇಲ್ಲಿ ನೋಡಿ..." ಎಂದು ಬಾನೆಟ್ಟಿನ ಎಡಗಡೆ ಬೆರಳಿಟ್ಟ. ಅಲ್ಲಿ ಏನೂ ಇರಲಿಲ್ಲ. ಅಣ್ಣ ಬಂದಿದ್ದಕ್ಕೆ ಇದ್ದ ಒಂದೇ ಗುರುತನ್ನು ಅವನು ತನ್ನ ಕೈಯಾರೆ ಉಜ್ಜಿ ತೆಗೆದಿದ್ದ.