ಹಸಿರು ತೆಗೆದು ಹಳದಿ ಹಾಕಿದ್ದು

ಇರ್ಫಾನ್, ಉಸ್ತಾದರ ಜೀಪಿನ ಗಾಳಿ ತುಂಬುವ ಕಂಪ್ರೆಸರ್ ಅವತ್ತು ನಿಂತದ್ದು ನಿನ್ನ ಕೆಲಸದಿಂದಲ್ಲ. ನಿಲ್ಲಿಸಿದ್ದು ನಾನು. ಮೂವತ್ತು ಆಂಪಿಯರಿನ ಹಸಿರು ಫ್ಯೂಸ್ ಇರಬೇಕಾದ ಜಾಗಕ್ಕೆ ಇಪ್ಪತ್ತರ ಹಳದಿ ಫ್ಯೂಸ್ ಚುಚ್ಚಿದೆ — ಕೈತಪ್ಪಿ ಅಲ್ಲ, ಬೇಕೆಂದೇ. ಏಳು ವರ್ಷದಿಂದ ನೀನು ಹೊತ್ತುಕೊಂಡು ತಿರುಗುತ್ತಿರುವ ತಪ್ಪು ನನ್ನದು.

ಇದನ್ನು ಫೋನಿನಲ್ಲೇ ಹೇಳಬೇಕೆಂದು ಎಷ್ಟೋ ಸಲ ನೋಡಿದೆ. ಆ ಕಡೆಯಿಂದ ನೀನು "ಏನ್ ರಾಜಣ್ಣ, ಚೆಂದಾಗಿದ್ದೀಯಾ?" ಅಂದ ಕೂಡಲೇ ನನ್ನ ನಾಲಿಗೆ ಮಳೆ, ಬಿಸಿಲು, ಮಕ್ಕಳ ಸ್ಕೂಲು ಅಂತ ಹೊರಳಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳೇ ಇದರಲ್ಲಿ ಹೆಚ್ಚು. ಆದರೆ ಅವು ನನ್ನ ಕಣ್ಣಿಗೆ ಹೇಗೆ ಕಂಡವು ಎನ್ನುವುದು ನಿನಗೆ ಗೊತ್ತಿಲ್ಲ.

ನೀನು ಕನಕಪುರಕ್ಕೆ ಬಂದಾಗ ನಾನು ಮರಿಯಪ್ಪ ಉಸ್ತಾದರ ಶೆಡ್ಡಿನಲ್ಲಿ ಒಂಬತ್ತು ವರ್ಷ ಕಳೆದಿದ್ದೆ. ವೈರಿಂಗ್ ಎಂದರೆ ನಾನು, ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನೀನು ರಾಮನಗರದಲ್ಲಿ ನಿಮ್ಮ ಮನೆಯವರ ರೇಷ್ಮೆ ರೀಲಿಂಗ್ ಕೆಲಸ ಬಿಟ್ಟು, ಗಾಡಿ ಹುಚ್ಚು ಹಿಡಿಸಿಕೊಂಡು ಬಂದವನು. ಎರಡೇ ತಿಂಗಳಿಗೆ ಒಂದು ಲಾರಿಯ ಬ್ರೇಕಿನ ಏರ್ ಪೈಪು ಎಲ್ಲಿ ಸೋರುತ್ತಿದೆ ಎಂದು ಯಾರಿಗೂ ಸಿಗದಿದ್ದಾಗ, ನೀನು ಬೆರಳು ಒದ್ದೆ ಮಾಡಿಕೊಂಡು ಪೈಪಿನ ಉದ್ದಕ್ಕೂ ಸವರಿ, "ಇಲ್ಲೈತೆ" ಅಂದೆ. ಉಸ್ತಾದ್ ನನ್ನ ಕಡೆ ತಿರುಗಿದರು.

"ನೋಡ್ಲಾ ರಾಜ. ಬಿಸಿನೀರಲ್ಲಿ ರೇಷ್ಮೆ ಗೂಡಿನ ಎಳೆ ಹುಡುಕ್ದ ಬೆಳ್ಳು. ಇವನ ಬೆಳ್ಳಲ್ಲಿ ಕಣ್ಣೈತೆ."

ಒಂಬತ್ತು ವರ್ಷದಲ್ಲಿ ನನ್ನ ಬೆರಳಿನ ಬಗ್ಗೆ ಅವರು ಒಂದು ಮಾತು ಆಡಿರಲಿಲ್ಲ. ಅವತ್ತಿನಿಂದ ನನಗೆ ಶುರುವಾಯಿತು ನೋಡು — ಹೊಟ್ಟೆಕಿಚ್ಚು. ಬೇರೆ ಹೆಸರು ಇಡುವುದಿಲ್ಲ. ಮನೆಯಿಂದ ಊಟ ತಂದಾಗ ಉಸ್ತಾದರ ಹೆಂಡತಿ ಜಯಮ್ಮಕ್ಕ ಮೊದಲು ಕೇಳುತ್ತಿದ್ದದ್ದು "ಇರ್ಫಾನ ಉಂಡ್ನಾ?" ಅಂತ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಗಿರಾಕಿಗಳು ಗಾಡಿ ನಿಲ್ಲಿಸಿ ನಿನ್ನನ್ನು ಹುಡುಕುತ್ತಿದ್ದರು. ನನ್ನ ಹೆಂಡತಿ ಕೂಡ ಒಂದು ದಿನ "ಆ ಹುಡುಗ ಎಷ್ಟು ಚೊಕ್ಕಟವಾಗಿ ಕೆಲಸ ಮಾಡ್ತಾನೆ" ಅಂದಳು, ಆ ರಾತ್ರಿ ನಾನು ಊಟ ಬಿಟ್ಟೆ. ನೀನೋ, ಟೀ ಬಂದರೆ ಮೊದಲ ಲೋಟ ನನಗೆ ಕೊಡುತ್ತಿದ್ದೆ. ಬಾಯಿ ತುಂಬ ಅಣ್ಣ ಅನ್ನುತ್ತಿದ್ದೆ. ನೀನು ಸ್ವಲ್ಪ ಸೊಕ್ಕಿನವನಾಗಿದ್ದರೆ ನನ್ನ ಉರಿಗೆ ಒಂದು ಕಾರಣವಾದರೂ ಸಿಗುತ್ತಿತ್ತು.

ಆಮೇಲೆ ಈ ಕಂಪ್ರೆಸರ್ ಬಂತು. ಉಸ್ತಾದರು ಭಾನುವಾರ ತಮ್ಮ ಹಳೇ ಜೀಪು ತೆಗೆದುಕೊಂಡು ಗೆಳೆಯರ ಜೊತೆ ಬಂಡೆ ಹತ್ತಿಸಲು ಹೋಗುತ್ತಿದ್ದರಲ್ಲ. ಬಂಡೆಯ ಮೇಲೆ ಹಿಡಿತ ಸಿಗಲೆಂದು ಟೈರಿನ ಗಾಳಿ ಅರ್ಧ ಬಿಡುವುದು, ಟಾರು ರಸ್ತೆಗೆ ಇಳಿದ ಮೇಲೆ ಮತ್ತೆ ತುಂಬುವುದು. ಕಾಲಲ್ಲಿ ಪಂಪು ಒತ್ತಿ ಒತ್ತಿ ಅವರಿಗೆ ಸಾಕಾಗಿತ್ತು. "ಗಾಡಿಯೊಳಗೇ ಒಂದು ಕಂಪ್ರೆಸರ್ ಕೂರಿಸ್ರಲಾ" ಅಂದರು. ಕೂರಿಸುವ ಕೆಲಸ ನಿನಗೆ, ಕರೆಂಟು ಕೊಡುವ ಕೆಲಸ ನನಗೆ.

ಹಿಂದಿನ ಸೀಟಿನ ಕೆಳಗಿರಲಿ ಎಂದು ನಾನು ಹೇಳಿದೆ. ನೀನು ಬಾನೆಟ್ಟಿನ ಒಳಗೇ, ಸೈಲೆನ್ಸರ್ ಪೈಪಿನ ಎದುರು ಬದಿಗೆ ಜಾಗ ತೋರಿಸಿದೆ. ರಟ್ಟು ಕತ್ತರಿಸಿ ಅಳತೆ ಮಾಡಿದೆ. ಕಬ್ಬಿಣದ ಪಟ್ಟಿ ಬಗ್ಗಿಸಿ, ಅಡಿಗೆ ರಬ್ಬರ್ ಬುಷ್ ಕೊಟ್ಟು ಕೂರಿಸಿದೆ. ಇಂಜಿನ್ ಬಿಸಿ ತಾಗುತ್ತದೆ ಎಂದು ನಾನು ಮೂಗು ತೂರಿಸಿದಾಗ ನೀನು ಅರ್ಧ ಗಂಟೆ ಇಂಜಿನ್ ಓಡಿಸಿ, ಅಲ್ಲಿ ಅಂಗೈ ಇಟ್ಟು "ಕೈ ತಡ್ಕೊಳ್ತದೆ ರಾಜಣ್ಣ, ಇಲ್ಲೇ ಸರಿ" ಅಂದೆ. ಉಸ್ತಾದರೂ ಕೈ ಇಟ್ಟು "ಊಂ" ಅಂದರು. ನನ್ನ ಹಿಂದಿನ ಸೀಟಿನ ಮಾತು ಆ ಒಂದು ಊಂಗೆ ಮುಗಿದುಹೋಯಿತು.

ನಮ್ಮ ಶೆಡ್ಡಿನ ಪದ್ಧತಿ ನಿನಗೆ ನೆನಪಿದೆ. ಕೆಲಸ ಮುಗಿದ ಗಾಡಿಗೆ ಮೊದಲ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡುವವನು ಯಾರೋ, ಆ ಕೆಲಸ ಅವನದು. ಕೀಲಿಯನ್ನು ಉಸ್ತಾದರೇ ಕೊಡಬೇಕು. ಬೇರೆಯವರ ಗಾಡಿಗಳಿಗೆ ನಾನು ಎಷ್ಟೋ ಸಲ ಹೊಡೆದಿದ್ದೇನೆ. ಆದರೆ ಇದು ಉಸ್ತಾದರ ಸ್ವಂತ ಗಾಡಿ — ನನಗೆ ಕೊಡುತ್ತಾರೆ ಎಂದು ಕೈ ಒರೆಸಿಕೊಂಡು ನಿಂತಿದ್ದೆ. ನಿಜವಾಗಿ, ಬಟ್ಟೆಯಲ್ಲಿ ಒರೆಸಿಕೊಂಡೇ ನಿಂತಿದ್ದೆ. ಅವರು ನನ್ನನ್ನು ದಾಟಿ ಬಂದು ಕೀಲಿ ನಿನ್ನ ಕೈಗೆ ಇಟ್ಟರು.

ಟೈರಿಗೆ ಗಾಳಿ ತುಂಬಿ ನೋಡಿದ್ದಾಯಿತು, ಎಲ್ಲ ಸರಿಯಾಗಿತ್ತು. ಎಲ್ಲರೂ ಟೀ ಕುಡಿಯಲು ಹೋದರು. ವೈರಿಗೆ ಟೇಪ್ ಸುತ್ತುವುದಿದೆ ಎಂದು ನಾನು ಉಳಿದೆ. ಹಸಿರು ತೆಗೆದೆ, ಹಳದಿ ಹಾಕಿದೆ. ಎರಡು ಟೈರು ತುಂಬುವವರೆಗೆ ಅದು ತಾಳುತ್ತದೆ, ಆಮೇಲೆ ಸುಡುತ್ತದೆ ಎಂದು ನನಗೆ ಗೊತ್ತಿತ್ತು. ಹತ್ತು ಜನರ ಮುಂದೆ ನಿನ್ನ ಮುಖ ಸಣ್ಣಗಾಗಲಿ, ಅಷ್ಟೇ — ಇಲ್ಲ, ಈ 'ಅಷ್ಟೇ'ಯನ್ನು ಹೊಡೆದುಹಾಕುತ್ತೇನೆ.

ಭಾನುವಾರ ಸಾತನೂರಿನ ಆಚೆ ಬಂಡೆ ಇಳಿದು ರಸ್ತೆ ಬದಿಗೆ ಬಂದೆವು. ಹಿಂದಿನ ಎರಡು ಟೈರು ತುಂಬಿದವು. ಮುಂದಿನದಕ್ಕೆ ಪೈಪು ಹಾಕಿದ್ದೇ ತಡ, ಮೋಟರ್ ನಿಂತಿತು. ನೀನು ಬಾನೆಟ್ ಎತ್ತಿದೆ. ಆ ಕ್ಷಣದಲ್ಲಿ ನನಗೆ ಹೊಳೆಯಿತು — ಫ್ಯೂಸ್ ಸುಟ್ಟರೆ ಕೇಳುವುದು ವೈರಿಂಗಿನವನನ್ನು! ಹೊಟ್ಟೆಕಿಚ್ಚಿನಲ್ಲಿ ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಿರಲಿಲ್ಲ. ಫ್ಯೂಸಿನ ಮೇಲೆ ಅಂಗೈ ಮುಚ್ಚಿಟ್ಟು ನಾನೇ ಮೊದಲು ಬಾಯಿ ಬಿಟ್ಟೆ.

"ಮೋಟರ್ ಬಿಸಿಗೆ ಕಟ್ ಆಗೈತೆ. ಇಂಜಿನ್ ಪಕ್ಕ ಬ್ಯಾಡ ಅಂತ ಅವತ್ತೇ ಬಡ್ಕೊಂಡೆ, ಇವ್ನು ಕೇಳ್ಲಿಲ್ಲ."

ಎಲ್ಲರೂ ನಿನ್ನ ಕಡೆ ನೋಡಿದರು. ನಾನು ಬಯಸಿದ ಹಾಗೇ ನಿನ್ನ ಮುಖ ಸಣ್ಣಗಾಯಿತು, ನನಗೆ ಹಿತವಾಯಿತು. "ಒಸಿ ತಣ್ಣಗಾಗ್ಲಿ ಉಸ್ತಾದ್, ಕಾಯಣ" ಅಂದೆ ನೀನು. ಅವರು ಕೇಳಲಿಲ್ಲ. ಕಂಪ್ರೆಸರ್ ಇದೆಯಲ್ಲ ಎಂದು ಕಾಲಿನ ಪಂಪನ್ನು ಯಾರೂ ತಂದಿರಲಿಲ್ಲ. "ಸಾತನೂರು ಇಲ್ಲೇ ಕಣ್ಲಾ, ಪಂಚರ್ ಅಂಗ್ಡಿ ಐತೆ. ನಿಧಾನಕ್ಕೆ ಹೋಯ್ತೀನಿ" ಅಂದರು. ಹಸಿರು ಫ್ಯೂಸ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ. ನಾನು ಹಿಂದಿನ ಸೀಟು ಹತ್ತಿ ಕೂತೆ.

ತಿರುವಿನಲ್ಲಿ ಗಾಳಿಯಿಲ್ಲದ ಮುಂದಿನ ಟೈರು ರಿಮ್ಮು ಬಿಟ್ಟು ಕಳಚಿತು, ಜೀಪು ಚರಂಡಿಗೆ ಬಿತ್ತು. ನಮ್ಮಿಬ್ಬರಿಗೆ ತರಚಿದ ಗಾಯ. ಉಸ್ತಾದರ ಬಲ ಮಣಿಕಟ್ಟು ಸ್ಟೀರಿಂಗಿಗೂ ಡ್ಯಾಶಿಗೂ ನಡುವೆ ಸಿಕ್ಕಿ ಮುರಿಯಿತು. ನೀನು ಅವರನ್ನು ತಬ್ಬಿ ಹಿಡಿದು ಆಸ್ಪತ್ರೆಗೆ ಹೋದೆ. ಗಾಡಿ ಕಾಯುತ್ತೇನೆ ಎಂದು ನಿಂತ ನಾನು ಸುಟ್ಟ ಹಳದಿ ತೆಗೆದು ಹಸಿರು ಹಾಕಿದೆ. ಮಾರನೇ ದಿನ ಕಂಪ್ರೆಸರ್ ಓಡಿದಾಗ "ತಣ್ಣಗಾಗೈತಲ್ಲ, ಅದ್ಕೇ" ಅಂದೆ. ಎಲ್ಲರೂ ನಂಬಿದರು. ನೀನೂ ನಂಬಿದೆ.

ಉಸ್ತಾದರ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಇವತ್ತಿಗೂ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿ ಮಾಡಲಾರರು, ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುತ್ತಾರೆ. ನೀನು ತಿಂಗಳು ತುಂಬುವ ಮೊದಲೇ "ನನ್ ಕೈಯಿಂದ ಅವ್ರ ಕೈ ಹೋಯ್ತು ರಾಜಣ್ಣ" ಎಂದು ಹೇಳಿ, ಚನ್ನಪಟ್ಟಣದಲ್ಲಿ ಮಾವನ ಜೊತೆ ಗೊಂಬೆ ಕಡೆಯಲು ಹೋದೆ. ಬಸ್ಸು ಹತ್ತಿಸಿ ಬಂದವನು ನಾನೇ. ಅಲ್ಲಿಂದ ಇಲ್ಲಿಯವರೆಗೆ ಶೆಡ್ಡಿನ ಎಲ್ಲ ಗಾಡಿಗೂ ಮೊದಲ ಸೆಲ್ಫ್ ನನ್ನದು.

ಹೋದ ವಾರ ಕೋಡಿಹಳ್ಳಿಯವರೊಬ್ಬರು ಜೀಪಿಗೆ ಕಂಪ್ರೆಸರ್ ಹಾಕಿಸಲು ಬಂದರು. ಎಲ್ಲಿ ಕೂರಿಸಲಿ ಎಂದು ನಿನಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ — ಬಹುಶಃ ನೀನು ಬೈಯಲಿ ಎಂದು. ನೀನು ಅಂದದ್ದು ಇಷ್ಟು: "ಇಂಜಿನ್ ಪಕ್ಕ ಮಾತ್ರ ಬ್ಯಾಡ ರಾಜಣ್ಣ. ನೀನು ಹೇಳಿದ್ದೇ ಸರಿಯಿತ್ತು, ನನಗೇ ಗೊತ್ತಾಗ್ಲಿಲ್ಲ."

ನಾನೊಂದು ಸಮಾಧಾನ ಇಟ್ಟುಕೊಂಡಿದ್ದೆ, ಇರ್ಫಾನ್. ಫ್ಯೂಸ್ ಸುಡದಿದ್ದರೂ ಆ ಬಿಸಿಗೆ ಮೋಟರ್ ನಿಲ್ಲುತ್ತಿತ್ತೋ ಏನೋ, ಯಾರು ಕಂಡರು ಅಂತ. ನೀನು ಕತ್ತರಿಸಿದ್ದ ರಟ್ಟು ಶೆಡ್ಡಿನ ಬಾಗಿಲ ಹಿಂದೆ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. ಅದೇ ಅಳತೆಗೆ, ನಿನ್ನದೇ ಜಾಗದಲ್ಲಿ ಕೂರಿಸಿದೆ. ಹಸಿರು ಫ್ಯೂಸ್ ಹಾಕಿದೆ. ಮೊದಲ ಸೆಲ್ಫ್ ನಾನು ಹೊಡೆಯಲಿಲ್ಲ, ಗಾಡಿಯವರಿಗೇ ಬಿಟ್ಟೆ. ಸುಡುವ ಮಧ್ಯಾಹ್ನ ಬಂಡೆ ಹತ್ತಿಸಿ ಇಳಿಸಿ, ನಾಲ್ಕು ಟೈರಿನ ಗಾಳಿಯನ್ನೂ ಬಿಟ್ಟು ಮತ್ತೆ ತುಂಬಿದೆವು. ಸ್ಟೆಪ್ನಿಗೂ ತುಂಬಿದೆವು. ಮೋಟರ್ ನಿಲ್ಲಲಿಲ್ಲ. ಅಂಗೈ ಇಟ್ಟು ನೋಡಿದೆ, ಕೈ ತಡೆದುಕೊಂಡಿತು.

ಪಟ್ಟಿ ಮಾತ್ರ ನೀನು ಬಗ್ಗಿಸಿದಷ್ಟು ಚೆನ್ನಾಗಿ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಇಷ್ಟೆಲ್ಲ ಆದ ಮೇಲೂ ಚುಚ್ಚುತ್ತದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಉಸ್ತಾದರಿಗೆ ಹೇಳಿದೆ. ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು.

"ಹಸ್ರುದು ನಿನ್ ಜೋಬಲ್ಲೇ ಇತ್ತೇನ್ಲಾ?"

"ಇತ್ತು ಉಸ್ತಾದ್."

ಅವರು ಎದ್ದು ಮನೆಗೆ ಹೋದರು. ಇವತ್ತು ಕೆಲಸ ಮುಗಿದ ಗಾಡಿಯ ಕೀಲಿ ನನ್ನ ಕೈಗೆ ಕೊಡಲಿಲ್ಲ.

ಇಷ್ಟು ವರ್ಷ ಎತ್ತಿಟ್ಟಿದ್ದ ಆ ಸುಟ್ಟ ಫ್ಯೂಸನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಡಿದಿರುವುದು ಕಾಣುತ್ತದೆ, ನಿಮ್ಮ ಮಾವನಿಗೂ ತೋರಿಸು. ಬರುವ ಭಾನುವಾರ ಉಸ್ತಾದರ ಗೆಳೆಯರು ಶೆಡ್ಡಿನ ಮುಂದೆ ಸೇರುತ್ತಾರೆ, ಅವತ್ತು ಬಂಡೆಯ ಕೆಳಗೆ ಇದ್ದವರೇ. ಅವರ ಮುಂದೆ ನಿನ್ನ ಹೆಸರು ಹೇಳಿದವನು ನಾನು, ಅವರ ಮುಂದೆಯೇ ನನ್ನ ಹೆಸರು ಹೇಳುತ್ತೇನೆ. ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಅದೇ ಮೊಳೆ ಕಿತ್ತು ಹೊಡೆದು ನಿನ್ನ ರಟ್ಟನ್ನು ಮತ್ತೆ ನೇತುಹಾಕಿದ್ದೇನೆ, ಈ ಸಲ ಬಾಗಿಲ ಮುಂದೆ, ಎಲ್ಲರಿಗೂ ಕಾಣುವ ಹಾಗೆ.