ಸೂಜಿ ಮುಟ್ಟದ ತೇಪೆ

ನನಗೂ ಸೂಜಿಗೂ ಎಣ್ಣೆ ಸೀಗೇಕಾಯಿ. ಹೊಸೂರಿನ ತವರಿನಲ್ಲಿ ಅಮ್ಮ ಹೊಲಿಗೆ ಕಲಿಸಲು ಕೂತಾಗಲೆಲ್ಲ ಬಟ್ಟೆಗಿಂತ ಹೆಚ್ಚು ನನ್ನ ಬೆರಳಿಗೇ ಚುಚ್ಚಿಸಿಕೊಂಡವಳು ನಾನು. ಮದುವೆಯಾಗಿ ಉದ್ದನಪಲ್ಲಿಗೆ ಬಂದು, ಪಕ್ಕದ ಊರಿನ ಶಾಲೆಯಲ್ಲಿ ಟೀಚರಾಗಿ, ಒಂದು ಮಗುವಿನ ತಾಯಿಯಾದ ಮೇಲೂ ಗುಂಡಿ ಕಿತ್ತುಬಂದರೆ ಅತ್ತೆಯ ಮುಂದೆ ಹೋಗಿ ನಿಲ್ಲುವುದು ತಪ್ಪಿರಲಿಲ್ಲ. "ಇಷ್ಟ್ ಓದಿದ್ದೀಯ, ಒಂದ್ ಗುಂಡಿ ಹಾಕಕ್ ಬರಾಕಿಲ್ವಲ್ಲವ್ವ" ಎಂದು ನಗುತ್ತಲೇ ಅವರು ಹೊಲಿದು ಕೊಡುತ್ತಿದ್ದರು. ನಗು ಬೇರೆ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಹಾಗಿರುವಾಗ ಒಂದು ಶನಿವಾರ ಮಗಳ ಲಂಗಕ್ಕೆ ಕೊಕ್ಕೆ ಕೊಳ್ಳಲೆಂದು ಹೊಸೂರಿನ ಟೈಲರ್ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾರಿಗೋ ಒಂದು ಸುರುಳಿ ಬಿಚ್ಚಿ ತೋರಿಸುತ್ತಿದ್ದ. ನೋಡಲು ಜೇಡರ ಬಲೆಯಷ್ಟು ತೆಳ್ಳಗಿತ್ತು. ಏನದು ಎಂದು ಕೇಳಿದೆ. "ಊಸಿಯೇ ವೇಂಡಾಂ ಮೇಡಂ, ಅಯರ್ನ್ ಪಣ್ಣಾ ಪೋದುಂ" ಅಂದ. ಸೂಜಿಯೇ ಬೇಡವಂತೆ, ಇಸ್ತ್ರಿ ಮಾಡಿದರೆ ಸಾಕಂತೆ. ತೂತಿನ ಹಿಂದೆ ಒಂದು ತುಂಡು ಬಟ್ಟೆ ಇಟ್ಟು, ನಡುವೆ ಈ ಬಲೆಯನ್ನು ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದರೆ ಬಲೆ ಕರಗಿ ಎರಡು ಬಟ್ಟೆಯನ್ನೂ ಒಂದು ಮಾಡುತ್ತದಂತೆ. ನನ್ನ ಕಷ್ಟ ನೋಡಿಯೇ ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದಾರೆ ಅನ್ನಿಸಿತು. ಎರಡು ಮೀಟರ್ ಕೊಂಡೆ. ಕೊಕ್ಕೆ ಮರೆತೇಹೋಯಿತು.

ಬಸ್ಸಿನಲ್ಲಿ ಕೂತು ನಮ್ಮ ಮನೆಯಲ್ಲಿ ಎಲ್ಲೆಲ್ಲಿ ತೂತಿದೆ ಎಂದು ನೆನೆಸಿಕೊಳ್ಳುತ್ತಾ ಬಂದೆ. ಬೇರೆಯವರ ಮನೆಯಲ್ಲಿ ತೂತಿದ್ದರೆ ಬೇಸರ ಪಡುತ್ತಾರೆ. ನನಗೆ ಖುಷಿಯೋ ಖುಷಿ.

ಮೊದಲ ಬಲಿ ನನ್ನ ಗಂಡನ ಫ್ಯಾಕ್ಟರಿಯ ಯೂನಿಫಾರ್ಮ್ ಅಂಗಿ. ಜೇಬಿನ ತೂತು ಮುಚ್ಚಲು ಹೋಗಿ ಜೇಬನ್ನೇ ಮುಚ್ಚಿಬಿಟ್ಟೆ. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೊರಟ ಮನುಷ್ಯ ಎದೆಯ ಮೇಲೆ ಕೈಯಾಡಿಸುತ್ತಾ ನಿಂತಿದ್ದರು. "ಇದ್ರೊಳಗೆ ಕೈನೇ ಹೋಗ್ತಿಲ್ವಲ್ಲೇ. ಐಡಿ ಕಾರ್ಡ್ ಎಲ್ಲಿ ಇಟ್ಕೊಳ್ಲಿ?" ನಾನು ಸುಮ್ಮನೆ ಇನ್ನೊಂದು ಅಂಗಿ ಕೊಟ್ಟೆ. ಕಲಿಯುವ ಕಾಲದಲ್ಲಿ ಇದೆಲ್ಲ ಆಗುವುದೇ. ಆಮೇಲೆ ಕೈ ಕುದುರಿತು. ಮಗಳ ಸ್ಕೂಲಿನ ಲಂಗ, ದಿಂಬಿನ ಚೀಲಗಳು, ಅತ್ತೆಯ ಹಳೆಯ ಶಾಲು, ಒಂದೂ ಬಿಡಲಿಲ್ಲ. ತೂತಿಲ್ಲದ ಟವೆಲನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿ ನಿರಾಸೆಯಿಂದ ಮಡಚಿಟ್ಟಿದ್ದೂ ಉಂಟು. "ಇನ್ ತೋಟದ್ ಬೆರ್ಚಪ್ಪನ ಅಂಗಿ ಒಂದ್ ಉಳ್ಕಂಡದೆ" ಎಂದು ಗಂಡ ರೇಗಿಸಿದರು. ಟೊಮ್ಯಾಟೊ ತೋಟದಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸಿದ ಆ ಬೆರ್ಚಪ್ಪನ ಅಂಗಿಯನ್ನು ಹಿಂದಿನ ದಿನವೇ ಮನೆಗೆ ತಂದು, ಮೊಣಕೈಗೆ ತೇಪೆ ಹಾಕಿ, ಮತ್ತೆ ತೊಡಿಸಿ ಬಂದಿದ್ದೆ. ಅದನ್ನು ನಾನು ಹೇಳಲಿಲ್ಲ.

ಅದೇ ವರ್ಷ ನನ್ನ ನಾದಿನಿಯ ಮದುವೆ ಕೂಡಿಬಂತು. ಮಾವ ತೀರಿಕೊಂಡಿದ್ದರಿಂದ ಧಾರೆ ಎರೆಯುವವರು ಅಣ್ಣ ಅತ್ತಿಗೆಯಾದ ನಾವೇ. ಅತ್ತೆ ಮಾತ್ರ ಮದುವೆ ಮಂಟಪ ಹತ್ತುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಬೇಡ ಎಂದು ಯಾರೂ ಅಂದಿರಲಿಲ್ಲ. ಗಂಡನಿಲ್ಲದವಳು ಶುಭ ಕಾರ್ಯದಲ್ಲಿ ಮುಂದೆ ನಿಲ್ಲಬಾರದು ಎಂಬುದು ಅವರೊಳಗೇ ಗಟ್ಟಿಯಾಗಿ ಕೂತಿತ್ತು. ನಾನು ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಅವರು ಜಗ್ಗಲಿಲ್ಲ. "ಕೆಳಗ್ ಕುಂತ್ರೂ ಕಾಣ್ತದೆ ಕಣವ್ವ" ಅಂದರು. ಹೆತ್ತ ತಾಯಿ ಮಗಳ ಮದುವೆಯನ್ನು ಜನರ ತಲೆಗಳ ನಡುವಿನಿಂದ ನೋಡುವುದನ್ನು ನನಗೆ ಒಪ್ಪಿಕೊಳ್ಳಲಾಗಲಿಲ್ಲ.

ಅವರು ಕೇಳಿದ್ದು ಒಂದೇ. ಅಂತರಪಟಕ್ಕೆ ಮಾವನ ಧಾರೆ ಪಂಚೆಯನ್ನೇ ಹಿಡಿಯಬೇಕು. ಮುಹೂರ್ತದವರೆಗೆ ಗಂಡು ಹೆಣ್ಣಿನ ನಡುವೆ ಹಿಡಿಯುವ ಬಟ್ಟೆಯಾಗಿ ನಮ್ಮ ಮದುವೆಯಲ್ಲೂ ಅದನ್ನೇ ಹಿಡಿದಿದ್ದರು. ಅರಿಸಿನ ನೀರಿನಲ್ಲಿ ಅದ್ದಿ ಹಿಂಡಿ ಹಿಡಿಯುವುದು ಈ ಮನೆಯ ಪದ್ಧತಿ. ಆ ಒದ್ದೆ ವಾಸನೆಗೆ ನಾನು ಸೀನಿದ್ದು ಮದುವೆ ವೀಡಿಯೊದಲ್ಲಿ ಇವತ್ತಿಗೂ ಕೇಳಿಸುತ್ತದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅತ್ತೆ ಟ್ರಂಕು ತೆಗೆದರು. ಪಂಚೆ ಬಿಚ್ಚಿದರು. ನಟ್ಟನಡುವೆ ಟ್ರಂಕಿನ ತುಕ್ಕು ತಾಗಿ ನೂಲು ತಿಂದುಹೋಗಿತ್ತು, ನಿಂಬೆಹಣ್ಣು ತೂರುವಷ್ಟು ತೂತು. ಮದುಮಗ ಬೇಕಾದರೆ ಒಂದು ಕಣ್ಣಿಟ್ಟು ಹೆಂಡತಿಯನ್ನು ನೋಡಿಕೊಳ್ಳಬಹುದಿತ್ತು. ಅತ್ತೆ ಅಲ್ಲೇ ಕುಸಿದು ಕೂತರು. ಅವರು ಅತ್ತಿದ್ದನ್ನು ಮಾವ ಹೋದ ದಿನ ಬಿಟ್ಟರೆ ನಾನು ನೋಡಿರಲಿಲ್ಲ.

ಹೊಲಿದು ಕೊಡಲು ಮನೆ ತುಂಬ ಹೆಂಗಸರಿದ್ದರು. ಆದರೆ ಅಂತರಪಟಕ್ಕೆ ಸೂಜಿ ಮುಟ್ಟಿಸುವ ಹಾಗಿಲ್ಲ. ಸೂಜಿ ಚುಚ್ಚಿದ ಬಟ್ಟೆ ನಡುವೆ ಹಿಡಿದರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಬಾಳುತ್ತಾರೆ ಎಂಬ ನಂಬಿಕೆ. ಮಾವನ ಅಣ್ಣ, ನಮ್ಮ ದೊಡ್ಡಪ್ಪ, ಬಂದು ನೋಡಿ ತೀರ್ಪು ಕೊಟ್ಟೇಬಿಟ್ಟರು. "ಟೌನ್‌ನಾಗೆ ರೆಡಿಮೇಡ್ ಸಿಕ್ತದೆ. ಗಂಡು ಹೆಣ್ಣಿನ್ ಹೆಸ್ರು ಬೇರೆ ಬರ್ಸಿರ್ತಾರೆ. ಯಾರಾರ ಹೋಗಿ ತಕ್ಕಂಬನ್ನಿ."

ನನ್ನ ಎದೆ ಢವಢವ ಅನ್ನುತ್ತಿತ್ತು. ಭಯಕ್ಕಲ್ಲ, ಸಂಭ್ರಮಕ್ಕೆ. ನಾನು ಬದುಕಿನಲ್ಲಿ ಕಲಿತಿದ್ದ ಒಂದೇ ಒಂದು ಹೊಲಿಗೆ ಸೂಜಿ ಮುಟ್ಟದ ಹೊಲಿಗೆ. "ಸೂಜಿ ಮುಟ್ಸಲ್ಲ ದೊಡ್ಡಪ್ಪ. ಅರ್ಧ ಗಂಟೆ ಕೊಡಿ" ಅಂದೆ. ಉಳಿದ ಬಲೆಯನ್ನು ಬೀರುವಿನಿಂದ ತಂದೆ. ಹಿಂದೆ ಇಡಲು ಒಂದು ತುಂಡು ಬಿಳಿ ಬಟ್ಟೆ ಬೇಕಿತ್ತು. ಹಳೆಯ ಪಂಚೆ ಇದೆಯೇ ಎಂದು ಕೇಳುವಷ್ಟರಲ್ಲಿ ಅತ್ತೆ ಟ್ರಂಕಿನ ತಳದಿಂದ ಕೆಂಪಂಚಿನ ತಮ್ಮ ಧಾರೆ ಸೀರೆ ಎಳೆದರು. ಬೇಡ ಅನ್ನುವುದರೊಳಗೆ ಹಲ್ಲಲ್ಲಿ ಕಚ್ಚಿ, ಅಂಗೈಯಗಲ ಹರಿದರು.

"ಉಡಂಗಿಲ್ಲ, ಬಿಸಾಕಂಗಿಲ್ಲ. ಸುಮ್ನೆ ಬಿದ್ದಿತ್ತು" ಅಂದರು. ಆಮೇಲೆ ಮೆಲ್ಲಗೆ, "ನಾನಂತೂ ಮೇಲಕ್ ಬರಾಕಿಲ್ಲ. ಇದಾದ್ರೂ ಬರ್ಲಿ" ಅಂದರು. ಇಸ್ತ್ರಿ ಕಾದಿತ್ತು, ಅಳಲು ಪುರುಸೊತ್ತಿರಲಿಲ್ಲ.

ಎರಡು ಬಟ್ಟೆಯೂ ಒಂದೇ ಮಾಸಲು ಹಳದಿ, ಒಂದೇ ಮದುವೆಯ ಅರಿಸಿನ ಕುಡಿದವು. ಚಾಪೆಯ ಮೇಲೆ ಕಂಬಳಿ ಹಾಸಿ ಪಂಚೆ ಹರಡಿದೆ. ತೂತಿನ ಅಂಚು ಸವರಿ ಸರಿಮಾಡಿ, ಬಲೆ ಇಟ್ಟು, ಸೀರೆಯ ತುಂಡು ಇಟ್ಟು, ಉಸಿರು ಬಿಗಿಹಿಡಿದು ಒತ್ತಿದೆ. ಒಂದು ಮೂಲೆ ಹಿಡಿಯಿತು. ಎರಡು. ಮೂರು. ಸುತ್ತ ನಿಂತ ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದರು. ನಾಲ್ಕನೇ ಮೂಲೆಗೆ ಹೋಗುವಾಗ ಕರೆಂಟು ಹೋಯಿತು.

ನಾನು ವಿದ್ಯುತ್ ಇಲಾಖೆಯ ವಂಶವನ್ನೆಲ್ಲ ಬೈಯುತ್ತಿದ್ದರೆ ಅತ್ತೆ ಎದ್ದು ಅಂಗಳಕ್ಕೆ ಹೋದರು. ನೆಂಟರ ಊಟಕ್ಕೆ ಹೂಡಿದ್ದ ಒಲೆಯಿಂದ ಕೆಂಡ ತೆಗೆದು ಹಿತ್ತಾಳೆ ಚೊಂಬಿಗೆ ತುಂಬಿಕೊಂಡು, ಅದರ ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು ಬಂದರು. "ನಿಮ್ ಮಾವನ್ ಅಂಗೀನೆಲ್ಲ ಹಿಂಗೇ ಉಜ್ತಿದ್ದೆ. ಸರ್ಕೋ" ಎಂದು ಚೊಂಬಿನ ತಳವನ್ನು ಆ ಮೂಲೆಗೆ ಒತ್ತಿ ಕೂತರು. ತೆಗೆದಾಗ ಮೂಲೆ ಅಂಟಿತ್ತು. ದೊಡ್ಡಪ್ಪ ಪಂಚೆಯನ್ನು ಬಿಸಿಲಿಗೆ ಹಿಡಿದು, ಎಲ್ಲಾದರೂ ದಾರ ಸಿಕ್ಕೀತೇ ಎಂದು ಬೆರಳಾಡಿಸಿದರು. ಸಿಕ್ಕಲಿಲ್ಲ. "ಸೂಜಿ ಮುಟ್ಟಿಲ್ಲ ಅಂದ್ಮೇಲೆ ನಾನೇನ್ ಹೇಳಾನ" ಎಂದು ಮಡಚಿ ಕೊಟ್ಟರು. ನಾನು ಅವತ್ತು ಮನೆಯಲ್ಲಿ ಓಡಾಡಿದ ರೀತಿಗೆ ಮದುಮಗಳು ನಾನೋ ನಾದಿನಿಯೋ ಎಂದು ಬಂದವರು ಕೇಳುವಂತಿತ್ತು.

ಮುಹೂರ್ತ. ಓಲಗ ಜೋರಾಯಿತು. ಅರಿಸಿನ ನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯನ್ನು ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ಅವರ ಮಗ ಎತ್ತಿ ಹಿಡಿದರು. ಅಂಟಿಗೆ ನೀರು ಸೋಕುತ್ತದೆ ಎಂಬುದು ಆಗ ಹೊಳೆಯಿತು. ನನ್ನ ಮದುವೆಯಲ್ಲಿ ಆ ಒದ್ದೆ ವಾಸನೆಗೆ ಸೀನಿದ ನನಗೇ ಅದು ಮರೆತಿತ್ತು. ನಾನು ನಾದಿನಿಯ ಪಕ್ಕ ನಿಂತು ತೇಪೆಯನ್ನೇ ನೋಡುತ್ತಿದ್ದೆ. ಮೂರು ಮೂಲೆ ಬಂಡೆಯಂತೆ ನಿಂತವು. ನಾಲ್ಕನೆಯದು, ಚೊಂಬಿನದು, ನಿಧಾನವಾಗಿ ಬಿಟ್ಟುಕೊಂಡು ಮಡಚಿಕೊಳ್ಳತೊಡಗಿತು. ನನ್ನ ಎರಡು ಕೈಯಲ್ಲೂ ಧಾರೆಯ ಬಿಂದಿಗೆ. ಗಂಡನ ಕೈಯಲ್ಲಿ ತೆಂಗಿನಕಾಯಿ. ತೂತಿನ ಆಚೆ ಮದುಮಗನ ಬಾಸಿಂಗದ ಮುತ್ತೊಂದು ಕಾಣಿಸಿತು.

ಅಷ್ಟರಲ್ಲಿ ಯಾರೋ ಧಡಧಡ ಮಂಟಪದ ಮೆಟ್ಟಿಲು ಹತ್ತಿದರು. ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡ್ಡ ಬಂದ ವೀಡಿಯೊದವನನ್ನು ಪಕ್ಕಕ್ಕೆ ತಳ್ಳಿ ನೇರ ಬಂದು, ತೇಪೆಯ ಮೇಲೆ ಅಂಗೈ ಒತ್ತಿ ನಿಂತರು. "ನಾನ್ ಒತ್ತಿದ್ ಮೂಲೆ ಕಣವ್ವ ಇದು" ಎಂದು ಏದುಸಿರಿನಲ್ಲಿ ಹೇಳಿದರು. ಆಮೇಲೆ ತಾವೆಲ್ಲಿ ನಿಂತಿದ್ದೇವೆ ಎಂಬುದು ಹೊಳೆದಿರಬೇಕು, ಮುಖ ಕಪ್ಪಿಟ್ಟಿತು. ಕೈ ತೆಗೆಯಲು ಹೋದರು. ದೊಡ್ಡಪ್ಪ ಪಂಚೆಯ ಆ ತುದಿಯಿಂದ, "ಬುಡಬ್ಯಾಡ, ಗಟ್ಯಾಗ್ ಹಿಡ್ಕೋ" ಅಂದರು. ಅಷ್ಟೇ. ಅತ್ತೆ ಮತ್ತೆ ಅಂಗೈ ಒತ್ತಿದರು.

ಪಂಚೆ ಸರಿಯಿತು. ಅಕ್ಷತೆ ಸುರಿಯಿತು. ಅತ್ತೆಯ ಅಂಗೈ ಇನ್ನೂ ಎತ್ತಿದ ಹಾಗೇ ಇತ್ತು, ಅರಿಸಿನ ಮೆತ್ತಿಕೊಂಡು. ಗಂಡನ ಮುಖ ನೋಡಬೇಕಾದ ನಾದಿನಿ ಮೊದಲು ನೋಡಿದ್ದು ಅಮ್ಮನನ್ನು. ಅವಳು ಆ ಕೈ ಹಿಡಿದುಕೊಂಡವಳು ಧಾರೆ ಮುಗಿಯುವವರೆಗೂ ಬಿಡಲಿಲ್ಲ. ನಾನು ನೀರು ಎರೆಯುತ್ತಾ ಗಟ್ಟಿಯಾಗಿ ಅತ್ತುಬಿಟ್ಟೆ. ಈ ಮದುವೆಯ ವೀಡಿಯೊದಲ್ಲೂ ನನ್ನದೇ ಸದ್ದು.

ಮದುವೆ ಮುಗಿದು ಪಂಚೆ ಒಗೆದು ಒಣಗಿದ ಮೇಲೆ ನಾನು ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡು ಕೂತೆ. ಬಿಟ್ಟ ಮೂಲೆ ಸರಿಮಾಡಬೇಕಿತ್ತು, ಕರೆಂಟೂ ಇತ್ತು. ಅತ್ತೆ ಬಂದು ಪಂಚೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚತೊಡಗಿದರು. ಹೊರಗೆ ನನ್ನ ಮಗಳು ತೇಪೆಯ ಲಂಗ ಹಾರಿಸುತ್ತಾ ಕುಂಟೆಬಿಲ್ಲೆ ಆಡುತ್ತಿದ್ದಳು.

"ಆ ಮೂಲೆ ಹಂಗೇ ಇರ್ಲಿ ಬುಡವ್ವ" ಅಂದರು. "ಇವಳ್ ಮದ್ವೇಲೂ ಯಾರಾದ್ರೂ ಹಿಡ್ಕಬೇಕಲ್ಲ."